ಹೊಸೂರಿನಿಂದ ನಡೆದು ಬಂದ ವಿದ್ಯಾರ್ಥಿ

ನಾನು ಚಿಂತಾಮಣಿಯಲ್ಲಿ ಓದುತ್ತಿದ್ದ ದಿನಗಳ ಮಾತು. ವಿದ್ಯಾರ್ಥಿನಿಲಯದ ಊಟ ಹಳಸಿರುತ್ತಿತ್ತು. ವಿದ್ಯಾರ್ಥಿವೇತನ ಪರೀಕ್ಷೆ ಮುಗಿದ ಮೇಲೆ ಕೈಸೇರುತ್ತಿತ್ತು. ಊರಿನಲ್ಲಿದ್ದ ಮೂರು ವಿದ್ಯಾರ್ಥಿ ಸಂಘಟನೆಗಳು ಇದೇ ಎರಡು ಬೇಡಿಕೆಗಳನ್ನು ಹೊತ್ತು ಮೂರು ಬೇರೆ ಬೇರೆ ದಿನಗಳಂದು ಮೆರವಣಿಗೆ ಹೊರಟವು. ಅಧಿಕಾರಿಗಳು ಮೂರೂ ಮನವಿಪತ್ರಗಳನ್ನು ನಗುಮೊಗದಿಂದಲೇ ಸ್ವೀಕರಿಸಿ, ಒಂದೇ ಕಡತದಲ್ಲಿ ಸೇರಿಸಿ ಮರೆತರು. ಕಡೆಗೆ ಶಿಡ್ಲಘಟ್ಟದಲ್ಲಿ ಒಂದು ಜಂಟಿ ಸಭೆ ಸೇರಿತು. ಚಿಕ್ಕಬಳ್ಳಾಪುರ, ಗೌರಿಬಿದನೂರುಗಳಿಂದಲೂ ಹುಡುಗರು ಬಂದಿದ್ದರು. ಬೇಡಿಕೆಗಳ ಬಗ್ಗೆ ಅರ್ಧ ಗಂಟೆಯಲ್ಲಿ ಒಮ್ಮತ ಮೂಡಿತು. ಕರಪತ್ರದಲ್ಲಿ ಯಾವ ಸಂಘಟನೆಯ ಹೆಸರು ಮೊದಲು ಬರಬೇಕೆಂಬ ಪ್ರಶ್ನೆಯ ಮೇಲೆ ಮಾತ್ರ ರಾತ್ರಿ ಹತ್ತು ಗಂಟೆಗೆ ಸಭೆ ಮುರಿದುಬಿತ್ತು. ಆ ವರ್ಷ ನನ್ನ ಕೊಠಡಿಯ ಗೆಳೆಯನೊಬ್ಬ ಓದು ನಿಲ್ಲಿಸಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿಕೊಂಡ. ಹೆಸರು ಮೊದಲು ಬರಬೇಕೆಂದು ಅಂದು ಹಟ ಹಿಡಿದವರಲ್ಲಿ ನಾನೂ ಒಬ್ಬ.

ಆ ರಾತ್ರಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ನಮ್ಮ ಸೀಮೆಯ ಒಬ್ಬ ಹಿರಿಯರತ್ತ ಹೊರಳುತ್ತದೆ. ಅವರು ಡಾ. ಎಚ್. ನರಸಿಂಹಯ್ಯ. ನಾಡಿನ ಪಾಲಿಗೆ ಎಚ್ಚೆನ್. ಅವರು ತೀರಿಕೊಂಡು ಎರಡು ದಶಕಗಳೇ ಸಂದಿವೆ. ಶಿಕ್ಷಣತಜ್ಞ, ವಿಚಾರವಾದಿ, ಕುಲಪತಿ ಎಂದು ಅವರನ್ನು ಸ್ಮರಿಸುವವರು ಬಹಳ. ಹೋರಾಟದ ವಿದ್ಯಾರ್ಥಿಯಾಗಿ ಅವರನ್ನು ನೋಡಿದವರು ಕಡಿಮೆ. ನನಗೆ ಮುಖ್ಯವೆನಿಸುವುದು ಆ ವಿದ್ಯಾರ್ಥಿಯೇ.

ಅವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬಡ ಕುಟುಂಬ, ಹಿಂದುಳಿದ ಸಮುದಾಯ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಈ ಭಾಗ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಮಳೆಯನ್ನೇ ನಂಬಿದ ಹೊಲ, ತೆಲುಗು ಕನ್ನಡ ಎರಡನ್ನೂ ಆಡುವ ಜನ, ಮುಂದೆ ಓದಬೇಕೆಂದರೆ ಊರು ಬಿಡಲೇಬೇಕಾದ ಸ್ಥಿತಿ. ಹದಿನೈದರ ಹುಡುಗ 1935ರಲ್ಲಿ ಬೆಂಗಳೂರಿನ ನ್ಯಾಷನಲ್ ಹೈಸ್ಕೂಲು ಸೇರಲು ಹೊರಟಾಗ ಗೌರಿಬಿದನೂರಿಗೆ ರೈಲು ಇತ್ತು, ಟಿಕೆಟ್ಟಿಗೆ ಹಣವಿರಲಿಲ್ಲ. ಸುಮಾರು ಐವತ್ತು ಮೈಲಿಯ ಹಾದಿಯನ್ನು ಅವರು ನಡೆದೇ ಕ್ರಮಿಸಿದರು.

ಅದು ದೇಶದ ವಿದ್ಯಾರ್ಥಿಗಳು ಎಚ್ಚೆತ್ತ ಕಾಲ. 1936ರಲ್ಲಿ ಲಖನೌದಲ್ಲಿ ಅಖಿಲ ಭಾರತ ವಿದ್ಯಾರ್ಥಿ ಫೆಡರೇಷನ್ ಜನ್ಮ ತಳೆಯಿತು. 1938ರ ಏಪ್ರಿಲ್ 25ರಂದು ಎಚ್ಚೆನ್ ಅವರ ತಾಲ್ಲೂಕಿನದೇ ಆದ ವಿದುರಾಶ್ವತ್ಥದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ನೆತ್ತರು ಮೈಸೂರು ಸಂಸ್ಥಾನವನ್ನೇ ಅಲುಗಿಸಿತು. ಆದರೆ ವಿದ್ಯಾರ್ಥಿಗಳ ಒಗ್ಗಟ್ಟು ಹೆಚ್ಚು ಕಾಲ ಉಳಿಯಲಿಲ್ಲ. 1940ರ ನಾಗಪುರ ಅಧಿವೇಶನದಲ್ಲಿ ಫೆಡರೇಷನ್ ಇಬ್ಭಾಗವಾಯಿತು. ಬಿರುಕು ಮುಂದೆಯೂ ಉಳಿಯಿತು; 1942ರ ಹೊತ್ತಿಗೆ ಮಹಾಯುದ್ಧ ಫ್ಯಾಸಿಸಂ ವಿರುದ್ಧದ ಜನತಾ ಯುದ್ಧವೆಂದು ಕಮ್ಯುನಿಸ್ಟರು ಬಗೆದರು. ಮೊದಲು ಬ್ರಿಟಿಷರು ತೊಲಗಲೆಂದು ಉಳಿದವರು ನಿಂತರು. ಸಿದ್ಧಾಂತದ ಭಿನ್ನಾಭಿಪ್ರಾಯವೆಂದರೆ ಹೀಗಿರುತ್ತದೆ. ಅದಕ್ಕೊಂದು ಘನತೆಯಾದರೂ ಇತ್ತು. ನಮ್ಮ ಶಿಡ್ಲಘಟ್ಟದ ಜಗಳಕ್ಕೆ ಅದೂ ಇರಲಿಲ್ಲ.

1942ರ ಆಗಸ್ಟ್‌ನಲ್ಲಿ ಕ್ವಿಟ್ ಇಂಡಿಯಾ ಕರೆ ಬಂದಾಗ ಎಚ್ಚೆನ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದರು. ಹಳ್ಳಿಯ ಮನೆಯೊಂದು ತನ್ನ ಆಸೆಯನ್ನೆಲ್ಲ ಒಬ್ಬ ಹುಡುಗನ ಪದವಿಯ ಮೇಲೆ ಇಟ್ಟಿರುವಾಗ ತರಗತಿ ಬಿಟ್ಟು ಹೊರಬರುವುದು ಸುಲಭದ ತೀರ್ಮಾನವಲ್ಲ. ಅವರು ಹೊರಬಂದರು. ಬೆಂಗಳೂರು, ಮೈಸೂರು, ಪುಣೆಯ ಯರವಡಾ ಜೈಲುಗಳನ್ನು ಕಂಡರು. ಬಿಡುಗಡೆಯಾದ ಮೇಲೆ ಜೈಲುವಾಸವನ್ನೇ ಅರ್ಹತೆಯಾಗಿಸಿಕೊಂಡು ನಾಯಕರಾಗಲಿಲ್ಲ. ಮತ್ತೆ ಪ್ರಯೋಗಾಲಯಕ್ಕೆ ಮರಳಿದರು. 1946ರಲ್ಲಿ ಎಂ.ಎಸ್ಸಿ.ಯಲ್ಲಿ ಪ್ರಥಮ ದರ್ಜೆ ಪಡೆದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸಕರಾದರು.

ನೆಮ್ಮದಿಯ ಆ ನೌಕರಿ ಸಿಕ್ಕಿ ಹೆಚ್ಚು ಕಾಲವಾಗಿರಲಿಲ್ಲ. ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. 1947ರ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿ ಆರಂಭವಾಯಿತು. ವಿದ್ಯಾರ್ಥಿಗಳು ತರಗತಿಯಿಂದ, ಕಾರ್ಮಿಕರು ಕಾರ್ಖಾನೆಯಿಂದ, ರೈತರು ಹೊಲದಿಂದ ಬೀದಿಗಿಳಿದರು. ಮೈಸೂರಿನಲ್ಲಿ ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಅಲ್ಲಿನ ವೃತ್ತವೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ. ಎಚ್ಚೆನ್ ಉಪನ್ಯಾಸಕ ವೃತ್ತಿಯನ್ನು ಬದಿಗಿಟ್ಟು ಭೂಗತರಾದರು. ಗುಪ್ತವಾಗಿ ಒಂದು ಪತ್ರಿಕೆಯನ್ನು ಹೊರತಂದರು. ಅದರ ಹೆಸರು ಇನ್‌ಕಾಗ್ನಿಟೋ, ಎಂದರೆ ಹೆಸರು ಮರೆಸಿಕೊಂಡವನು. ಪೊಲೀಸರ ಕಣ್ಣು ತಪ್ಪಿಸಲು ಅದು ಅನಿವಾರ್ಯವಾಗಿತ್ತು, ನಿಜ. ಆದರೂ ಹೆಸರೇ ಇಲ್ಲದ ಹಾಳೆಯಲ್ಲಿ ಯಾರ ಹೆಸರು ಮೊದಲು ಎಂಬ ಪ್ರಶ್ನೆ ಏಳುವುದಿಲ್ಲವೆಂಬುದನ್ನು ನಾನು ಬಹಳ ತಡವಾಗಿ ಗ್ರಹಿಸಿದೆ. ಅಕ್ಟೋಬರ್ ಹೊತ್ತಿಗೆ ಅರಮನೆ ಮಣಿಯಿತು. ಕೋಲಾರ ಸೀಮೆಯವರೇ ಆದ ಕೆ.ಸಿ. ರೆಡ್ಡಿ ಅವರ ನೇತೃತ್ವದಲ್ಲಿ ಜನರ ಸರ್ಕಾರ ಬಂತು. ಬೇರೆ ಬೇರೆ ಬದುಕಿನ ಜನರನ್ನು ಒಂದು ಗೂಡಿಸಿದ್ದು ಉದ್ದನೆಯ ಕಾರ್ಯಕ್ರಮ ಪಟ್ಟಿಯಲ್ಲ, ಒಂದೇ ಒಂದು ಸ್ಪಷ್ಟ ಬೇಡಿಕೆ.

ಎಚ್ಚೆನ್ ಮತ್ತೆ ತರಗತಿಗೆ ಮರಳಿದರು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ವಿಜ್ಞಾನಿಗಳು ಬಂದು ಮಾತನಾಡುವ ಆ ಸಭೆಗಳಲ್ಲಿ ಯಾರು ಬೇಕಾದರೂ ಕುಳಿತು ಕೇಳಬಹುದಿತ್ತು, ಪ್ರಶ್ನಿಸಬಹುದಿತ್ತು. ಪ್ರಶ್ನೆಗೆ ಜಾತಿಯಿಲ್ಲ, ಪಕ್ಷವಿಲ್ಲ ಎಂಬುದು ಅವರ ಬಾಳಿನ ನಂಬುಗೆಯಾಗಿತ್ತು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜುಗಳು ತಲೆಯೆತ್ತಲು ಅವರು ಕಾರಣರಾದರು. ತಾವು ನಡೆದ ಐವತ್ತು ಮೈಲಿಯನ್ನು ಮುಂದಿನವರು ನಡೆಯದಿರಲೆಂಬ ಕಾಳಜಿ ಇದರ ಹಿಂದಿತ್ತೆಂದೇ ನಾನು ಭಾವಿಸುತ್ತೇನೆ. ಮದುವೆಯಾಗದೆ, ಖಾದಿಯುಟ್ಟು, ಕಾಲೇಜಿನ ಹಾಸ್ಟೆಲ್ ಕೊಠಡಿಯೊಂದರಲ್ಲೇ ದಶಕಗಳ ಕಾಲ ಬಾಳಿದರು. ಹುಡುಗರ ನಡುವೆ ಹುಡುಗರಂತೆ ಇರುವವರಿಗೆ ಅವರ ಹಸಿವು ವರದಿಯ ಮೂಲಕ ತಿಳಿಯಬೇಕಾಗಿರುವುದಿಲ್ಲ.

ಅವರನ್ನು ದೇವರನ್ನಾಗಿಸುವುದು ಅವರಿಗೇ ಹಿಡಿಸದ ಕೆಲಸ. ವಿದ್ಯಾರ್ಥಿಗಳ ಯಾವ ಒಕ್ಕೂಟವನ್ನೂ ಅವರು ಬಿಟ್ಟುಹೋಗಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ರಚಿಸಿದ ಸಮಿತಿ ನಾಡಿನ ಜನರನ್ನು ಒಗ್ಗೂಡಿಸಿತೆನ್ನುವುದಕ್ಕಿಂತ ಎರಡು ಪಾಳೆಯವಾಗಿಸಿತೆನ್ನುವುದೇ ಸರಿ. ಸತ್ಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳು ದೊಡ್ಡ ವಿವಾದವನ್ನೇ ಎಬ್ಬಿಸಿದವು. ಎಲ್ಲರನ್ನೂ ಮೆಚ್ಚಿಸುವುದನ್ನೇ ಒಗ್ಗಟ್ಟೆಂದು ಅವರು ತಿಳಿದಿರಲಿಲ್ಲ. ಭಿನ್ನಾಭಿಪ್ರಾಯವನ್ನು ಮುಚ್ಚಿಡದೆಯೂ ಒಂದು ಕೆಲಸಕ್ಕೆ ಜೊತೆಯಾಗಬಹುದು, ಕೆಲಸ ಮುಗಿದ ಮೇಲೆ ವಾದಕ್ಕೆ ಮರಳಬಹುದು ಎಂಬುದು ಅವರ ಬದುಕಿನಿಂದ ನಾನು ಕಲಿತದ್ದು.

ಈ ಪಾಠ ಹಳತಾಗಿಲ್ಲ. ಶಾಶ್ವತ ನೀರಾವರಿಗಾಗಿ ಬಯಲುಸೀಮೆಯ ಜನ 2016ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಿಂದ ಟ್ರ್ಯಾಕ್ಟರುಗಳನ್ನೇರಿ ಬೆಂಗಳೂರಿನತ್ತ ಹೊರಟಾಗ ಅವರನ್ನು ಒಂದಾಗಿಸಿದ್ದು ನೀರೆಂಬ ಒಂದೇ ಮಾತು. ನಮ್ಮ ನಾಲ್ಕು ಊರುಗಳ ವಿದ್ಯಾರ್ಥಿ ಸಂಘಟನೆಗಳಿಗೆ ಇಂದಿಗೂ ಬಾವುಟಗಳ ಕೊರತೆಯಿಲ್ಲ. ಅಂಬೇಡ್ಕರ್, ಗಾಂಧಿ, ಮಾರ್ಕ್ಸ್, ವಿವೇಕಾನಂದ ಎಂದು ಬೇರೆ ಬೇರೆ ಚಿತ್ರಗಳ ಕೆಳಗೆ ಕುಳಿತ ಈ ಮಕ್ಕಳೆಲ್ಲ ಉಣ್ಣುವುದು ಅದೇ ಹಾಸ್ಟೆಲಿನ ಅನ್ನ, ಕಾಯುವುದು ಅದೇ ಬಸ್ಸು. ಅವರು ತಮ್ಮ ಚಿತ್ರಗಳನ್ನು ಕೆಳಗಿಳಿಸಬೇಕಾಗಿಲ್ಲ. ಒಂದು ಬೇಡಿಕೆಯನ್ನು ಆರಿಸಿಕೊಂಡು, ಅದು ಈಡೇರುವವರೆಗೆ ಹೆಸರಿಲ್ಲದ ಒಂದು ಕರಪತ್ರ ಅಚ್ಚುಹಾಕಿದರೆ ಸಾಕು.

ಎಚ್ಚೆನ್ 2005ರ ಜನವರಿ 31ರಂದು ನಿಧನರಾದರು. ನಡೆದು ಬಂದ ಹಾದಿಯ ಮೊದಲ ತುದಿಯಾದ ಹೊಸೂರಿನಲ್ಲೇ ಅವರ ಸಮಾಧಿಯಿದೆ. ಅಲ್ಲಿ ನಿಂತಾಗ ನನಗೆ ನೆನಪಾಗುವುದು ಓದು ನಿಲ್ಲಿಸಿದ ನನ್ನ ಗೆಳೆಯ. ಅಂದಿನ ಕರಪತ್ರದಲ್ಲಿ ನಮ್ಮ ಸಂಘಟನೆಯ ಹೆಸರು ಮೂರನೆಯದಾಗಿ ಬಂದಿದ್ದರೆ ನಾನು ಕಳೆದುಕೊಳ್ಳುತ್ತಿದ್ದುದು ಏನೂ ಇರಲಿಲ್ಲ. ಅವನಿಗೆ ಬಹುಶಃ ಒಂದು ಪದವಿ ಸಿಗುತ್ತಿತ್ತು.