ರೋಗಿಯ ದನಿಗೆ ಕಿವಿಗೊಟ್ಟ ಸಂತ ಕಮಿಲ್ಲಸ್

ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಸಂತರೊಬ್ಬರ ಜೀವನವನ್ನು ಭಕ್ತಾದಿಗಳ ಮುಂದಿಡಲು ಯೋಚಿಸಿದಾಗ, ರೋಗಿಗಳ ಪಾಲಕರಾದ ಸಂತ ಕಮಿಲ್ಲಸ್ ದೆ ಲೆಲ್ಲಿಸ್ ಅವರೇ ನಮಗೆ ಮೊದಲು ನೆನಪಾದರು. ಇದಕ್ಕೆ ಕಾರಣವಿದೆ. ಪರಮಪ್ರಸಾದವನ್ನು ಹೊತ್ತು ಆಸ್ಪತ್ರೆಯ ವಾರ್ಡುಗಳಿಗೆ ಹೋದಾಗ ನಾವು ಕೇಳುವ ದೂರುಗಳು ಔಷಧದ ಬಗ್ಗೆ ಇರುವುದು ಅಪರೂಪ. ನನಗೇನಾಗಿದೆಯೆಂದು ಯಾರೂ ತಿಳಿಸಲಿಲ್ಲ, ನಾನು ಹೇಳಿದ್ದನ್ನು ಯಾರೂ ಪೂರ್ತಿ ಕೇಳಲಿಲ್ಲ ಎಂಬುದೇ ಅನೇಕರ ಅಳಲು. ನಾಲ್ಕು ಶತಮಾನಗಳ ಹಿಂದೆ ಇದೇ ಅಳಲಿಗೆ ಕಿವಿಗೊಟ್ಟ ಕಮಿಲ್ಲಸರು ಸ್ವತಃ ಒಬ್ಬ ರೋಗಿಯಾಗಿದ್ದರು.

ಇಟಲಿಯ ಅಬ್ರುಜ್ಜೊ ಪ್ರಾಂತದ ಬುಕ್ಕಿಯಾನಿಕೊ ಎಂಬ ಊರಿನಲ್ಲಿ 1550ನೆಯ ಇಸವಿ ಮೇ 25ರಂದು ಅವರು ಜನಿಸಿದರು. ತಂದೆ ಸೇನಾಧಿಕಾರಿ. ತಾಯಿ ಮಗನ ಎಳವೆಯಲ್ಲಿಯೇ ತೀರಿಕೊಂಡರು. ಆಜಾನುಬಾಹುವಾಗಿ ಬೆಳೆದ ಹುಡುಗನ ಕೈಯಲ್ಲಿ ಕತ್ತಿ ಇಲ್ಲದಿದ್ದಾಗ ಇಸ್ಪೀಟಿನ ಎಲೆಗಳಿರುತ್ತಿದ್ದವು. ಕಾಲಿನಲ್ಲಿ ಎದ್ದ ಹುಣ್ಣೊಂದು ವಾಸಿಯಾಗದೆ 1571ರಲ್ಲಿ ರೋಮಾಪುರಿಯ ಸಂತ ಯಾಕೋಬರ ಆಸ್ಪತ್ರೆಯನ್ನು ಸೇರಬೇಕಾಯಿತು. ಗುಣವಾಗದ ವ್ಯಾಧಿಗಳಿಂದ ನರಳುವವರಿಗೆ ಆಶ್ರಯವಾಗಿದ್ದ ಆಸ್ಪತ್ರೆ ಅದು. ಅಲ್ಲಿ ಚಿಕಿತ್ಸೆ ಪಡೆಯುತ್ತಲೇ ಆಳಾಗಿಯೂ ದುಡಿದರು. ಆದರೆ ಜೂಜು ಮತ್ತು ಜಗಳಗಂಟತನದಿಂದಾಗಿ ಅಲ್ಲಿಂದ ಹೊರಗಟ್ಟಲ್ಪಟ್ಟರು. ಮತ್ತೆ ವೆನಿಸ್ ಗಣರಾಜ್ಯದ ಸೈನ್ಯ, ಮತ್ತೆ ಜೂಜು. 1574ರಲ್ಲಿ ನೇಪಲ್ಸ್ ನಗರದಲ್ಲಿ ಮೈಮೇಲಿನ ಅಂಗಿಯನ್ನೂ ಸೋತರು.

ಹೊಟ್ಟೆಪಾಡಿಗಾಗಿ ಮಾನ್‌ಫ್ರೆದೋನಿಯದಲ್ಲಿ ಕಪುಚಿನ್ ಸನ್ಯಾಸಿಗಳ ಕಟ್ಟಡದ ಕೆಲಸಕ್ಕೆ ಕೂಲಿಯಾಗಿ ಸೇರಿದರು. ಆ ಮಠದ ಹಿರಿಯರೊಬ್ಬರು ಆಡಿದ ಹಿತವಚನ ಅವರ ಮನಸ್ಸನ್ನು ನಾಟಿತು. 1575ರ ಫೆಬ್ರವರಿ 2ರಂದು, ಯೇಸುಸ್ವಾಮಿಯ ಸಮರ್ಪಣೆಯ ಹಬ್ಬದ ದಿನ, ದಾರಿಯಲ್ಲಿ ಮೊಣಕಾಲೂರಿ ಕಣ್ಣೀರಿಟ್ಟು ದೇವರಿಗೆ ಶರಣಾದರು. ಕಪುಚಿನ್ ಸಭೆಯನ್ನು ಸೇರಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಕಾಲಿನ ಹುಣ್ಣು ಅಡ್ಡಬಂದಿತು. ಅದೇ ಹುಣ್ಣು ಅವರನ್ನು ಪುನಃ ಸಂತ ಯಾಕೋಬರ ಆಸ್ಪತ್ರೆಗೆ ಕರೆತಂದಿತು. ಒಮ್ಮೆ ಹೊರದೂಡಿದ ಆಸ್ಪತ್ರೆಯೇ ಕೆಲವು ವರ್ಷಗಳಲ್ಲಿ ಅವರನ್ನು ಮೇಲ್ವಿಚಾರಕರನ್ನಾಗಿ ನೇಮಿಸಿತು.

ಅಂದಿನ ಆಸ್ಪತ್ರೆಗಳ ಸ್ಥಿತಿಯನ್ನು ಇಲ್ಲಿ ಹೇಳಲೇಬೇಕು. ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಸಂಬಳದ ಆಳುಗಳು. ಬೇರೆಲ್ಲಿಯೂ ಕೆಲಸ ಸಿಗದವರೇ ಅವರಲ್ಲಿ ಬಹುಮಂದಿ. ಗದರಿಕೆ, ಒರಟು ಮಾತು, ಕರೆದರೂ ಕೇಳಿಸದಂತೆ ನಟಿಸುವುದು ದಿನನಿತ್ಯದ ಸಂಗತಿಗಳಾಗಿದ್ದವು. ಹಾಸಿಗೆಯಲ್ಲಿ ಮಲಗಿ ಕೂಗುವವನ ಪಾಡನ್ನೂ, ಆಳಿನ ಉದಾಸೀನವನ್ನೂ ಕಮಿಲ್ಲಸರು ಎರಡೂ ಕಡೆಯಿಂದ ಬಲ್ಲವರು. 1582ರಲ್ಲಿ ಅವರಿಗೆ ಒಂದು ಆಲೋಚನೆ ಹೊಳೆಯಿತು. ಕೂಲಿಗಾಗಿ ದುಡಿಯುವವರ ಬದಲು ದೇವರ ಪ್ರೀತಿಗಾಗಿ ರೋಗಿಗಳ ಸೇವೆ ಮಾಡುವವರ ಕೂಟವೊಂದನ್ನು ಕಟ್ಟಿದರೆ ಹೇಗೆ? ಸಂತ ಫಿಲಿಪ್ ನೇರಿಯವರು ಅವರ ಪಾಪನಿವೇದನೆಯ ಗುರುಗಳಾಗಿದ್ದರು. ಗುರುದೀಕ್ಷೆಗಾಗಿ ಮೂವತ್ತು ದಾಟಿದ ಕಮಿಲ್ಲಸರು ಎಳೆಯ ಹುಡುಗರ ನಡುವೆ ಕುಳಿತು ಲತೀನ್ ಕಲಿತರು. 1584ರಲ್ಲಿ ಗುರುಗಳಾದರು.

ತಮ್ಮ ಸಹೋದರರಿಗಾಗಿ ಅವರು ರಚಿಸಿದ ನಿಯಮಗಳನ್ನು ಇಂದಿನ ವೈದ್ಯರೂ ದಾದಿಯರೂ ಓದಬೇಕೆಂಬುದು ನಮ್ಮ ಅಭಿಪ್ರಾಯ. ರೋಗಿಯ ಬಳಿ ಹೋಗುವ ಮುನ್ನ ತಾಯಿಯ ಹೃದಯವನ್ನು ಕೊಡುವಂತೆ ದೇವರಲ್ಲಿ ಬೇಡಬೇಕು. ಒಬ್ಬನೇ ಮಗ ಕಾಯಿಲೆ ಬಿದ್ದಾಗ ತಾಯಿ ಹೇಗೆ ಉಪಚರಿಸುವಳೋ ಹಾಗೆ ಉಪಚರಿಸಬೇಕು. ಬಡ ರೋಗಿಯೊಡನೆ ಕಟುವಾದ ಮಾತು ಸಲ್ಲದು. ತಾಯಿ ಮಗುವಿನ ಮುಖ ನೋಡಿ ಕೇಳುತ್ತಾಳೆ, ಉತ್ತರಕ್ಕಾಗಿ ಕಾಯುತ್ತಾಳೆ. ಈ ನಿಯಮದ ತಿರುಳೆಲ್ಲ ಅದರಲ್ಲಿದೆ. ಚುರುಕಾಗಿ ಆದರೆ ಯಾಂತ್ರಿಕವಾಗಿ ಕೆಲಸ ಮುಗಿಸುವ ಸಹೋದರರಿಗೆ, ಆ ಕೈಗಳಲ್ಲಿ ಇನ್ನಷ್ಟು ಹೃದಯವಿರಲೆಂದು ಅವರು ಹೇಳುತ್ತಿದ್ದರಂತೆ. ಗಾಳಿ ಬೆಳಕು, ರೋಗಕ್ಕೆ ತಕ್ಕ ಆಹಾರ, ಸೋಂಕು ರೋಗಿಗಳಿಗೆ ಪ್ರತ್ಯೇಕ ಸ್ಥಳ ಇವುಗಳ ಬಗೆಗೂ ಅವರು ಬಹಳ ಕಟ್ಟುನಿಟ್ಟು. ಉಸಿರು ನಿಂತಂತೆ ಕಂಡೊಡನೆ ಮುಖಕ್ಕೆ ಮುಸುಕೆಳೆಯಬಾರದು, ಇನ್ನೂ ಕಾಲು ಗಂಟೆ ಪ್ರಾರ್ಥನೆಯನ್ನು ಮುಂದುವರಿಸಬೇಕೆಂದು ಅಪ್ಪಣೆ ಮಾಡಿದ್ದರು. ರೋಗಿಯ ಮಂಚದ ಬಳಿಯೇ ನಿಂತು, ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಅವನ ಕಾಯಿಲೆಯನ್ನು ಚರ್ಚಿಸುವ ನಮ್ಮ ನೆಂಟರಿಷ್ಟರಿಗೂ ಇದರಲ್ಲಿ ಪಾಠವಿದೆ.

ಅವರ ಸಭೆಗೆ 1586ರಲ್ಲಿ ಐದನೆಯ ಸಿಕ್ಸ್ತಸ್ ಜಗದ್ಗುರುಗಳು ಮನ್ನಣೆ ನೀಡಿ, ನಿಲುವಂಗಿಯ ಮೇಲೆ ಕೆಂಪು ಶಿಲುಬೆಯನ್ನು ಧರಿಸಲು ಅನುಮತಿಸಿದರು. 1591ರಲ್ಲಿ ಅದು ಪೂರ್ಣ ಸನ್ಯಾಸ ಸಭೆಯಾಯಿತು. ಬಡತನ, ಬ್ರಹ್ಮಚರ್ಯ, ವಿಧೇಯತೆಗಳೊಡನೆ ನಾಲ್ಕನೆಯ ವ್ರತವೊಂದು ಈ ಸಭೆಯವರಿಗೆ ಉಂಟು: ಪ್ರಾಣಕ್ಕೆ ಅಪಾಯವಿದ್ದರೂ, ಪ್ಲೇಗೇ ಬಂದರೂ, ರೋಗಿಯನ್ನು ಬಿಟ್ಟು ಹೋಗಬಾರದು. ನೇಪಲ್ಸಿನಲ್ಲಿ ಸೋಂಕಿನ ಭಯದಿಂದ ಬಂದರಿಗೆ ಬಿಡದೆ ತಡೆದ ಹಡಗುಗಳನ್ನು ಹತ್ತಿ ಶುಶ್ರೂಷೆ ಮಾಡಿದ ಸಹೋದರರಲ್ಲಿ ಇಬ್ಬರು ಅದೇ ರೋಗಕ್ಕೆ ಬಲಿಯಾದರು. 1595ರಲ್ಲಿ ಹಂಗೇರಿಯ ಯುದ್ಧಭೂಮಿಗೂ ಗಾಯಾಳುಗಳ ಸೇವೆಗೆಂದು ಸಹೋದರರು ತೆರಳಿದರು. 1598ರ ಕ್ರಿಸ್ತಜಯಂತಿಯ ದಿನಗಳಲ್ಲಿ ಟೈಬರ್ ನದಿ ಉಕ್ಕಿ ರೋಮಿನ ಪವಿತ್ರಾತ್ಮರ ಆಸ್ಪತ್ರೆಗೆ ನೀರು ನುಗ್ಗಿದಾಗ, ಕಮಿಲ್ಲಸರು ಸಂಗಡಿಗರೊಡನೆ ರೋಗಿಗಳನ್ನು ಹೊತ್ತು ಮೇಲಂತಸ್ತಿಗೆ ಸಾಗಿಸಿದರು. ಅದೇ ಆಸ್ಪತ್ರೆಯ ಮುಖ್ಯಾಧಿಕಾರಿ ಒಮ್ಮೆ ಕರೆಕಳುಹಿಸಿದಾಗ, ತಾವೀಗ ಕ್ರಿಸ್ತರ ಸೇವೆಯಲ್ಲಿರುವುದಾಗಿಯೂ ಅದು ಮುಗಿದ ಬಳಿಕ ಬರುವುದಾಗಿಯೂ ತಿಳಿಸಿ ರೋಗಿಯ ಬಳಿಯೇ ಉಳಿದರೆಂಬ ಪ್ರತೀತಿಯಿದೆ.

ಇಷ್ಟೆಲ್ಲ ಸೇವೆ ಮಾಡಿದ ಕಾಲಿನ ಹುಣ್ಣು ಮಾತ್ರ ಕೊನೆಯವರೆಗೂ ಮಾಯಲಿಲ್ಲ. ನಡೆಯಲಾಗದಿದ್ದಾಗ ಮಂಚದಿಂದ ಮಂಚಕ್ಕೆ ತೆವಳಿಕೊಂಡು ಹೋಗಿ ರೋಗಿಗಳ ಕ್ಷೇಮ ವಿಚಾರಿಸುತ್ತಿದ್ದರು. 1607ರಲ್ಲಿ ಸಭೆಯ ಶ್ರೇಷ್ಠರ ಪದವಿಯನ್ನು ಬಿಟ್ಟುಕೊಟ್ಟು, 1614ರ ಜುಲೈ 14ರಂದು ರೋಮಿನಲ್ಲಿ ಸ್ವರ್ಗಸ್ಥರಾದರು. 1746ರಲ್ಲಿ ಸಂತ ಪದವಿ ದೊರೆಯಿತು. ಹದಿಮೂರನೆಯ ಲಿಯೋ ಜಗದ್ಗುರುಗಳು 1886ರಲ್ಲಿ ದೇವರ ಸಂತ ಯೊವಾನ್ನರೊಡನೆ ಇವರನ್ನೂ ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕರೆಂದು ಸಾರಿದರು. 1930ರಲ್ಲಿ ಹನ್ನೊಂದನೆಯ ಪಿಯುಸ್ ಅವರು ದಾದಿಯರ ಪಾಲಕರೆಂದೂ ಘೋಷಿಸಿದರು.

ಕಮಿಲ್ಲಸರ ಮಕ್ಕಳು ನಮ್ಮ ನಾಡಿಗೂ ಬಂದಿದ್ದಾರೆ. ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಅವರು ಸ್ಥಾಪಿಸಿದ ಸ್ನೇಹದಾನವು, ಎಚ್.ಐ.ವಿ. ಸೋಂಕಿತರನ್ನು ಮುಟ್ಟಲೂ ಮಾತನಾಡಿಸಲೂ ಜನ ಹಿಂಜರಿಯುತ್ತಿದ್ದ ಕಾಲದಲ್ಲಿ ಅಂಥವರಿಗಾಗಿಯೇ ಬಾಗಿಲು ತೆರೆಯಿತು.