ಇರಾ ಹರ್ಸ್ಕೋವಿಟ್ಜ್

ಇರಾ ಹರ್ಸ್ಕೋವಿಟ್ಜ್ (14 ಜುಲೈ 1946 – 28 ಏಪ್ರಿಲ್ 2003) ಅಮೆರಿಕದ ತಳಿವಿಜ್ಞಾನಿ. ಒಂದೇ ಬಗೆಯ ಡಿಎನ್ಎ ಪಡೆದ ಎರಡು ಜೀವಕೋಶಗಳು ಬೇರೆ ಬೇರೆಯಾಗಿ ವರ್ತಿಸುವುದೇಕೆ ಎಂಬ ಪ್ರಶ್ನೆಗೆ ಇವರು ಬ್ರೆಡ್ ತಯಾರಿಕೆಯಲ್ಲಿ ಬಳಸುವ ಯೀಸ್ಟ್‌ನಲ್ಲಿ ಉತ್ತರ ಹುಡುಕಿದರು.

ಜೀವನ

ಹರ್ಸ್ಕೋವಿಟ್ಜ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜನಿಸಿದರು. ತಂದೆ ಇರ್ವಿನ್ ಹರ್ಸ್ಕೋವಿಟ್ಜ್ ಸಹ ತಳಿವಿಜ್ಞಾನಿಯಾಗಿದ್ದರು. 1967ರಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಿಂದ ಪದವಿಯನ್ನೂ, ಬ್ಯಾಕ್ಟೀರಿಯಾಗಳನ್ನು ಸೋಂಕಿಸುವ ಲ್ಯಾಂಬ್ಡಾ ವೈರಸ್ಸಿನ ಅಧ್ಯಯನಕ್ಕಾಗಿ 1971ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ಡಾಕ್ಟರೇಟನ್ನೂ ಪಡೆದರು. ಮರುವರ್ಷ ಒರೆಗಾನ್ ವಿಶ್ವವಿದ್ಯಾಲಯವನ್ನು ಸೇರಿ, ಅಲ್ಲಿ ಯೀಸ್ಟ್‌ನತ್ತ ತಿರುಗಿದರು. 1981ರಿಂದ ಕೊನೆಯವರೆಗೂ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದರು.

ಸಂಶೋಧನೆ

ಯೀಸ್ಟ್ ಕೋಶಗಳಲ್ಲಿ ‘ಎ’ ಮತ್ತು ‘ಆಲ್ಫಾ’ ಎಂಬ ಎರಡು ಸಂಯೋಗ ಪ್ರಭೇದಗಳಿವೆ. ಕೆಲವು ತಳಿಗಳಲ್ಲಿ ಕೋಶವು ಒಂದರಿಂದ ಇನ್ನೊಂದಕ್ಕೆ ಬದಲಾಗಬಲ್ಲದು. ಮೂರನೆಯ ವರ್ಣತಂತುವಿನಲ್ಲಿ ಎರಡೂ ಪ್ರಭೇದಗಳ ಮೌನ ಪ್ರತಿಗಳಿದ್ದು, ಅವುಗಳಲ್ಲೊಂದರ ನಕಲು ಸಕ್ರಿಯ ಸ್ಥಾನಕ್ಕೆ ಬಂದು ಕೂರುತ್ತದೆ ಎಂದು ಹರ್ಸ್ಕೋವಿಟ್ಜ್ ಮತ್ತು ಸಹೋದ್ಯೋಗಿಗಳು 1977ರಲ್ಲಿ ವಿವರಿಸಿದರು. ಟೇಪ್ ರೆಕಾರ್ಡರಿನ ಹೋಲಿಕೆಯಿಂದ ಇದಕ್ಕೆ ಕ್ಯಾಸೆಟ್ ಮಾದರಿ ಎಂಬ ಹೆಸರು ಬಂದಿತು.

ಇದಕ್ಕಿಂತ ಕುತೂಹಲಕರವಾದುದು 1979ರ ಶೋಧನೆ. ಮೊಗ್ಗೊಡೆದು ಒಮ್ಮೆಯಾದರೂ ಮರಿಗೆ ಜನ್ಮವಿತ್ತ ತಾಯಿಕೋಶ ಮಾತ್ರ ಪ್ರಭೇದ ಬದಲಿಸಬಲ್ಲದು. ಹೊಸದಾಗಿ ಹುಟ್ಟಿದ ಮರಿಕೋಶಕ್ಕೆ ಅದು ಸಾಧ್ಯವಿಲ್ಲ. ಎರಡರ ಡಿಎನ್ಎ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿಯದು? ಉತ್ತರಕ್ಕೆ ಹದಿನೇಳು ವರ್ಷ ಕಾಯಬೇಕಾಯಿತು. 1996ರಲ್ಲಿ ಇವರ ಪ್ರಯೋಗಾಲಯವೂ, ಸ್ವತಂತ್ರವಾಗಿ ಕಿಮ್ ನ್ಯಾಸ್ಮಿತ್ ಅವರ ತಂಡವೂ ‘ಆಶ್1’ ಎಂಬ ಪ್ರೋಟೀನನ್ನು ಗುರುತಿಸಿದವು. ಇದು ಮರಿಕೋಶದ ಕೋಶಕೇಂದ್ರದಲ್ಲಿ ಹೆಚ್ಚಾಗಿ ಶೇಖರವಾಗಿ, ಪ್ರಭೇದ ಬದಲಾವಣೆಗೆ ಬೇಕಾದ ಜೀನನ್ನು ಅಡಗಿಸುತ್ತದೆ. ಈ ಪ್ರೋಟೀನಿನ ಸಂದೇಶವಾಹಕ ಆರ್‌ಎನ್‌ಎ ಆಕ್ಟಿನ್ ತಂತುಗಳ ಮೂಲಕ ಮೊಗ್ಗಿನ ತುದಿಗೆ ಸಾಗಿಸಲ್ಪಡುತ್ತದೆ ಎಂಬುದು 1997ರಲ್ಲಿ ಸ್ಪಷ್ಟವಾಯಿತು.

ಸ್ಥಾನವೇ ವರ್ತನೆಯನ್ನು ನಿರ್ಧರಿಸುವ ಇನ್ನೊಂದು ನಿದರ್ಶನ ‘ಫಾರ್1’. ಎದುರು ಪ್ರಭೇದದ ಫೆರೊಮೋನ್ ತಾಗಿದಾಗ ಯೀಸ್ಟ್ ಕೋಶವು ವಿಭಜನೆಯನ್ನು ನಿಲ್ಲಿಸಿ, ಸಂಗಾತಿಯ ದಿಕ್ಕಿಗೆ ಚಾಚಿ ಬೆಳೆಯುತ್ತದೆ. ವಿಭಜನೆಯನ್ನು ತಡೆಯುವ ಫಾರ್1 ಜೀನನ್ನು 1990ರಲ್ಲಿ ಈ ಪ್ರಯೋಗಾಲಯ ವರದಿ ಮಾಡಿತು. ಬೆಳವಣಿಗೆಯ ದಿಕ್ಕಿಗೂ ಅದೇ ಪ್ರೋಟೀನ್ ಅಗತ್ಯವೆಂದು 1995ರಲ್ಲಿ ತೋರಿಸಿತು. ಒಂದೇ ಪ್ರೋಟೀನ್ ಎರಡು ಕೆಲಸಗಳನ್ನು ಹೇಗೆ ನಿರ್ವಹಿಸುತ್ತದೆ ಎಂಬುದನ್ನು ಇವರ ಹಿಂದಿನ ಸಹಸಂಶೋಧಕ ಮಥಿಯಾಸ್ ಪೀಟರ್ ಮತ್ತು ಸಂಗಡಿಗರು 1999ರಲ್ಲಿ ಬಿಡಿಸಿಟ್ಟರು: ಕೋಶಕೇಂದ್ರದೊಳಗಿರುವ ಫಾರ್1 ವಿಭಜನೆಯನ್ನು ತಡೆದರೆ, ಫೆರೊಮೋನಿನ ಸಂಕೇತದಿಂದ ಹೊರಬಂದ ಫಾರ್1 ಬೆಳವಣಿಗೆಗೆ ದಿಕ್ಕು ತೋರಿಸುತ್ತದೆ.

ಗೌರವಗಳು ಮತ್ತು ನಿಧನ

1986ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. 1987ರಲ್ಲಿ ಮೆಕಾರ್ಥರ್ ಫೆಲೋಶಿಪ್ ದೊರೆಯಿತು. ಗಿಟಾರ್ ನುಡಿಸುತ್ತ ವಿಜ್ಞಾನದ ಬಗ್ಗೆ ಹಾಡುವುದಕ್ಕೂ ಇವರು ಹೆಸರಾಗಿದ್ದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ತಮ್ಮ 56ನೆಯ ವಯಸ್ಸಿನಲ್ಲಿ ನಿಧನರಾದರು.