ಗಣಿಯ ಬಾಲಕ ಕೀರ್ ಹಾರ್ಡಿ

ಮಕ್ಕಳೇ, ನಮ್ಮ ಕೃಷ್ಣಗಿರಿ ಜಿಲ್ಲೆಯ ಗಡಿಯಾಚೆ ಇರುವ ಕೋಲಾರದ ಚಿನ್ನದ ಗಣಿಯ ಹೆಸರನ್ನು ನೀವು ಕೇಳಿರಬಹುದು. ನೆಲದೊಳಗೆ ಆಳಕ್ಕೆ ಇಳಿದು ದುಡಿಯುವ ಗಣಿ ಕಾರ್ಮಿಕರ ಬದುಕು ಬಹಳ ಕಷ್ಟದ್ದು. ಆ ಕಷ್ಟವನ್ನು ಬಾಲ್ಯದಲ್ಲೇ ಅನುಭವಿಸಿ, ಮುಂದೆ ದೊಡ್ಡ ನಾಯಕರಾದವರು ಕೀರ್ ಹಾರ್ಡಿ.

ಹಾರ್ಡಿಯವರು 1856ನೇ ಆಗಸ್ಟ್ 15ರಂದು ಸ್ಕಾಟ್‌ಲೆಂಡಿನಲ್ಲಿ ಜನಿಸಿದರು. ಮನೆಯಲ್ಲಿ ಕಡುಬಡತನ. ಬಾಲಕ ಹಾರ್ಡಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿದ. ಆಗ ತಂದೆಗೆ ಕೆಲಸವಿರಲಿಲ್ಲ. ತಮ್ಮ ಕಾಯಿಲೆಯಿಂದ ಮಲಗಿದ್ದ. ರಾತ್ರಿ ತಮ್ಮನ ಆರೈಕೆ ಮಾಡಿದ ಹಾರ್ಡಿ ಬೆಳಿಗ್ಗೆ ಕೆಲಸಕ್ಕೆ ತಡವಾಗಿ ಹೋದ. ಮಾಲೀಕ ಅವನನ್ನು ಕೆಲಸದಿಂದ ತೆಗೆದುಹಾಕಿದ. ವಾರದ ಕೂಲಿಯನ್ನೂ ಕೊಡಲಿಲ್ಲ. ಆ ನೋವನ್ನು ಹಾರ್ಡಿ ಎಂದೂ ಮರೆಯಲಿಲ್ಲ.

ಹತ್ತನೆಯ ವಯಸ್ಸಿನಲ್ಲಿ ಅವನು ಕಲ್ಲಿದ್ದಲಿನ ಗಣಿಗೆ ಇಳಿದ. ಗಣಿಯೊಳಗೆ ಗಾಳಿ ಸರಿಯಾಗಿ ಆಡಲೆಂದು ಬಾಗಿಲುಗಳಿದ್ದವು. ಬಂಡಿ ಬಂದಾಗ ಬಾಗಿಲು ತೆರೆಯುವುದು, ಹೋದ ಮೇಲೆ ಮುಚ್ಚುವುದು ಅವನ ಕೆಲಸ. ಸುತ್ತಲೂ ಕತ್ತಲೆ. ಆದರೂ ಕಲಿಯುವ ಆಸೆ ಬತ್ತಲಿಲ್ಲ. ತಾಯಿ ಓದಲು ಕಲಿಸಿದರು. ಸಂಜೆ ಶಾಲೆಯಲ್ಲಿ ಬರೆಯಲು ಕಲಿತ. ಗಣಿಯಲ್ಲಿ ದೀಪದ ಹೊಗೆಯಿಂದ ಕಪ್ಪಾದ ಕಲ್ಲೇ ಅವನ ಹಲಗೆ, ಸೂಜಿಯೇ ಬಳಪ!

ದೊಡ್ಡವರಾದ ಮೇಲೆ ಹಾರ್ಡಿಯವರು ಕಾರ್ಮಿಕರನ್ನು ಒಗ್ಗೂಡಿಸಿದರು. ಅದಕ್ಕಾಗಿ ಗಣಿ ಮಾಲೀಕರು ಅವರನ್ನು ಕೆಲಸದಿಂದ ತೆಗೆದರು. ಅವರು ಎದೆಗುಂದಲಿಲ್ಲ. 1892ರಲ್ಲಿ ಚುನಾವಣೆಯಲ್ಲಿ ಗೆದ್ದು ಬ್ರಿಟನ್ನಿನ ಸಂಸತ್ತಿನ ಸದಸ್ಯರಾದರು. ಉಳಿದವರು ಎತ್ತರದ ಟೋಪಿ, ಉದ್ದನೆಯ ಕೋಟು ಧರಿಸಿ ಬರುತ್ತಿದ್ದರು. ಹಾರ್ಡಿಯವರು ಸಾಮಾನ್ಯ ಉಡುಪಿನಲ್ಲೇ ಹೋದರು.

1894ರಲ್ಲಿ ವೇಲ್ಸ್ ಪ್ರಾಂತದ ಗಣಿಯೊಂದು ಸ್ಫೋಟಗೊಂಡು 250ಕ್ಕೂ ಹೆಚ್ಚು ಜನ ಸತ್ತರು. ಅದೇ ದಿನ ಅರಮನೆಯಲ್ಲಿ ರಾಜಕುಮಾರನ ಜನನವಾಯಿತು. ಸಂಸತ್ತು ಅರಮನೆಗೆ ಶುಭಾಶಯ ಹೇಳಲು ಸಿದ್ಧವಾಯಿತು. ಸತ್ತವರ ಮನೆಯವರಿಗೂ ಸಂತಾಪ ಸೂಚಿಸಬೇಕೆಂದು ಹಾರ್ಡಿ ಕೇಳಿದರು. ಯಾರೂ ಒಪ್ಪಲಿಲ್ಲ. ಅವರು ಒಬ್ಬರೇ ಎದ್ದು ನಿಂತು ಅದನ್ನು ಖಂಡಿಸಿದರು. ಸಭೆಯಲ್ಲಿ ಗದ್ದಲವೆದ್ದಿತು. ಮರುವರ್ಷದ ಚುನಾವಣೆಯಲ್ಲಿ ಅವರು ಸೋತರು. ಆದರೆ 1900ರಲ್ಲಿ ವೇಲ್ಸ್‌ನ ಜನರೇ ಅವರನ್ನು ಗೆಲ್ಲಿಸಿ ಕಳುಹಿಸಿದರು. 1906ರಲ್ಲಿ ಅವರು ಸಂಸತ್ತಿನಲ್ಲಿ ಲೇಬರ್ ಪಕ್ಷದ ಮೊದಲ ನಾಯಕರಾದರು.

1907ರಲ್ಲಿ ಹಾರ್ಡಿಯವರು ಭಾರತಕ್ಕೆ ಬಂದರು. ಇಲ್ಲಿಯ ಜನರ ಬಡತನವನ್ನು ಕಂಡು ಮರುಗಿದರು. ಭಾರತೀಯರಿಗೆ ಸ್ವಯಮಾಡಳಿತ ಬೇಕೆಂದು ಧೈರ್ಯವಾಗಿ ಹೇಳಿದರು. 1915ರ ಸೆಪ್ಟೆಂಬರ್ 26ರಂದು ಅವರು ತೀರಿಕೊಂಡರು.

1947ರಲ್ಲಿ ಭಾರತ ಸ್ವತಂತ್ರವಾದಾಗ ಬ್ರಿಟನ್ನಿನಲ್ಲಿ ಅಧಿಕಾರದಲ್ಲಿದ್ದುದು ಹಾರ್ಡಿಯವರು ಕಟ್ಟಿ ಬೆಳೆಸಿದ ಲೇಬರ್ ಪಕ್ಷವೇ. ನಮ್ಮ ಸ್ವಾತಂತ್ರ್ಯ ದಿನವೂ ಅವರು ಹುಟ್ಟಿದ ದಿನವೂ ಒಂದೇ!

ಅಭ್ಯಾಸ
1. ಹಾರ್ಡಿ ಬೇಕರಿಯ ಕೆಲಸವನ್ನು ಏಕೆ ಕಳೆದುಕೊಂಡ?
2. ಗಣಿಯೊಳಗೆ ಅವನ ಕೆಲಸ ಏನಾಗಿತ್ತು?
3. 1894ರಲ್ಲಿ ಹಾರ್ಡಿಯವರು ಸಂಸತ್ತಿನಲ್ಲಿ ಏನನ್ನು ಕೇಳಿದರು?